ಇಪ್ಪತ್ತೈದಕ್ಕೆ ಏಳು

ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತಕ್ಕೆ ನನಗೆ ಬಂದದ್ದು 25ಕ್ಕೆ 7. ಪತ್ರಿಕೆಗೆ ಹಳೆಯ ನೆನಪು ಏನಾದರೂ ಬರೆದುಕೊಡಿ ಎಂದಾಗ ತಲೆಗೆ ಬಂದದ್ದೂ ಈ ಏಳೇ.

ಶಾಲೆಯಲ್ಲಿ ನಾನು ಮೊದಲ ಬೆಂಚು, ಮೊದಲ ಸ್ಥಾನ. ಕಾಲೇಜಿಗೆ ಬಂದು ನೋಡಿದರೆ ತರಗತಿಯಲ್ಲಿ ಅರ್ಧ ಜನ ಅವರವರ ಶಾಲೆಯ ಮೊದಲನೆಯವರೇ! ಆದರೂ ನನ್ನ ತಯಾರಿ ಕಡಿಮೆ ಇರಲಿಲ್ಲ. ನಾಲ್ಕು ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ. ಬೆಳಿಗ್ಗೆ 4ಕ್ಕೆ ಏಳುವುದು, ರಾತ್ರಿ 12ಕ್ಕೆ ಮಲಗುವುದು. ಜೊತೆಗೆ ನಾಟಕ, ಚರ್ಚಾ ಸ್ಪರ್ಧೆ, ಗೋಡೆ ಪತ್ರಿಕೆ, ಕ್ವಿಜ್ ಎಲ್ಲದಕ್ಕೂ ಹೆಸರು ಕೊಟ್ಟಿದ್ದೆ. ಬೇಡ ಅಂದರೆ ಯಾರಿಗೆ ಬೇಜಾರಾಗುತ್ತದೋ ಅಂತ ಭಯ. ಟೈಮ್‌ಟೇಬಲ್ ನಾಲ್ಕು ದಿನ ನಡೆಯಿತು. ಕಾಗದ ಮಾತ್ರ ವರ್ಷವಿಡೀ ಗೋಡೆಯ ಮೇಲಿತ್ತು.

ರೂಮಿನ ಗೆಳತಿ ರಾತ್ರಿ 10ಕ್ಕೆ ಮಲಗಿಬಿಡುತ್ತಿದ್ದಳು. ಪರೀಕ್ಷೆಯ ಹಿಂದಿನ ರಾತ್ರಿಯೂ ಅಷ್ಟೇ. ಲೈಟಿನ ವಿಷಯಕ್ಕೆ ನಮ್ಮಿಬ್ಬರ ನಡುವೆ ಮಾತಿಲ್ಲದ ಜಗಳ. ಅವಳು ಮುಸುಕು ಎಳೆದುಕೊಂಡು ಗೋಡೆ ಕಡೆ ತಿರುಗುತ್ತಿದ್ದಳು. ನಾನು ಬೇಕಂತಲೇ ಸದ್ದು ಮಾಡಿ ಪುಟ ತಿರುಗಿಸುತ್ತಿದ್ದೆ. ಇವಳು ಅದು ಹೇಗೆ ಪಾಸಾಗುತ್ತಾಳೋ ನೋಡೇಬಿಡೋಣ ಅಂದುಕೊಂಡಿದ್ದೆ. ಅವಳಿಗೆ 21 ಬಂತು.

ಆ ಸಂಜೆ ಅಮ್ಮ ಫೋನಿನಲ್ಲಿ "ಹೇಗಿದೆಯೇ ಕಾಲೇಜು?" ಎಂದಳು. "ಸೂಪರ್ ಅಮ್ಮಾ" ಎಂದೆ. ಫೋನ್ ಇಟ್ಟು, ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟು, ಮನಸಾರೆ ಅತ್ತಿದ್ದೆ.

ಗಣಿತದ ಸರ್ ಬೈಯಲಿಲ್ಲ. ಕರೆದು ಕೂರಿಸಿಕೊಂಡು, "ದಿನಕ್ಕೆ ಎಷ್ಟು ಹೊತ್ತು ಓದ್ತೀಯಮ್ಮ?" ಎಂದು ಕೇಳಿದರು.

"ಆರು ಗಂಟೆ ಸರ್."

"ಲೆಕ್ಕ ಇಟ್ಟಿದ್ದೀಯಾ?"

ಇಟ್ಟಿರಲಿಲ್ಲ.

"ಮುಂದೆ ಏನು ಮಾಡ್ತೀನಿ ಅಂತ ಬರೀಬೇಡ. ಮಾಡಿ ಆದ ಮೇಲೆ ಬರಿ. ಒಂದು ವಾರ. ಸುಳ್ಳು ಬರೆದರೆ ನಷ್ಟ ನಿನಗೇ."

ಆ ವಾರದ ಲೆಕ್ಕ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದಿನದ ಆರು ಗಂಟೆಯ ಓದು ನಿಜದಲ್ಲಿ ಎರಡೂವರೆ ಗಂಟೆ. ರಿಹರ್ಸಲ್‌ಗೆ ಇನ್ನೊಬ್ಬರು ಬರಲಿ ಎಂದು ಕಾದದ್ದೇ ವಾರಕ್ಕೆ ಏಳು ಗಂಟೆ. ನಿದ್ದೆ ರಾತ್ರಿಗೆ ಐದು ಗಂಟೆ. ಮಧ್ಯಾಹ್ನದ ತರಗತಿಗಳಲ್ಲಿ ಕಣ್ಣು ಬಿಟ್ಟುಕೊಂಡೇ ಮಾಡಿದ ನಿದ್ದೆ ಬೇರೆ. ಅದನ್ನೂ ಪ್ರಾಮಾಣಿಕವಾಗಿ ಬರೆದಿದ್ದೆ, ಸರ್ ತರಗತಿಯದ್ದೂ ಸೇರಿಸಿ. ಆ ಸಾಲಿನ ಕೆಳಗೆ ಅವರು ಗೆರೆ ಎಳೆದು ನಕ್ಕರು.

ಆಮೇಲೆ ಹೇಗೆ ಓದುತ್ತೀ ಎಂದು ಕೇಳಿದರು. ಇದ್ದುದನ್ನೇ ಮೂರು ಸಲ ಓದುತ್ತೇನೆ ಎಂದೆ. ಪುಸ್ತಕ ಮುಚ್ಚಿ ಎಷ್ಟು ಸಲ ಬಿಡಿಸಿದ್ದೀಯ? ಒಂದು ಸಲವೂ ಇಲ್ಲ. ಆಗಲೇ ಅವರು ಎಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿಯ ಕಥೆ ಹೇಳಿದ್ದು. ಅರ್ಥವೇ ಇಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಅಳೆದ ಪುಣ್ಯಾತ್ಮ. 1885ರಲ್ಲಿ ಅದನ್ನು ಪ್ರಕಟಿಸಿದ. ಕಲಿತು ಒಂದು ಗಂಟೆಯಾಗುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತಿತ್ತಂತೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ! ಅಲ್ಲಿಯವರೆಗೆ ನನ್ನ ತಲೆಯಲ್ಲೇ ಏನೋ ಕೆಟ್ಟಿದೆ ಅಂದುಕೊಂಡಿದ್ದೆ.

ಎಷ್ಟೋ ವರ್ಷದ ಮೇಲೆ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದೆ. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರು ಮುಂದೆ. ನನ್ನ ಮೂರು ಸಲದ ಓದು ಆ ಐದು ನಿಮಿಷದ್ದು. ಅದಕ್ಕೇ ಎಲ್ಲಾ ಬರುತ್ತದೆ ಎಂಬ ಧೈರ್ಯದಲ್ಲಿ ಮಲಗಿ, ಪರೀಕ್ಷೆಯಲ್ಲಿ ಪೆನ್ನು ಕಚ್ಚುತ್ತಾ ಕೂರುತ್ತಿದ್ದೆ.

ನಿದ್ದೆಯ ವಿಷಯ ಒಪ್ಪಿಕೊಳ್ಳಲು ಇನ್ನೂ ಜಾಸ್ತಿ ದಿನ ಹಿಡಿಯಿತು. ಅದು ಸೋಮಾರಿಗಳ ಕೆಲಸ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹದಿನೆಂಟರವರೆಗೆ ದಿನಕ್ಕೆ 8ರಿಂದ 10 ಗಂಟೆ, ಆಮೇಲೂ ಕನಿಷ್ಠ 7 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ದೆಯ ವೈದ್ಯರು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು. ರೂಮಿನ ಗೆಳತಿ ಇದನ್ನೆಲ್ಲ ಓದಿದವಳಲ್ಲ. ಅವಳಿಗೆ ನಿದ್ದೆ ಬರುತ್ತಿತ್ತು, ಸುಮ್ನೆ ಮಲಗುತ್ತಿದ್ದಳು. ಒಂದು ರಾತ್ರಿ ನಾನೇ ಎದ್ದು ಲೈಟ್ ಆರಿಸಿದೆ. ಮುಸುಕಿನೊಳಗಿಂದ ದನಿ ಬಂತು: "ಹುಷಾರಾಗಿದ್ದೀಯಾ ತಾನೇ?"

ಒಪ್ಪಿಕೊಂಡ ಕೆಲಸ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಚರ್ಚಾ ತಂಡದ ಸೀನಿಯರ್‌ಗೆ "ಇನ್ನು ಬರೋಕಾಗಲ್ಲ ಅಕ್ಕಾ" ಎಂದು ಹೇಳಲು ಮೂರು ದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಅವರು "ಸರಿ ಬಿಡು" ಎಂದು ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿದರು, ಅಷ್ಟೇ. ಇಷ್ಟು ಸುಲಭಕ್ಕೆ ಬಿಟ್ಟರಲ್ಲ ಎಂದು ಒಳಗೊಳಗೇ ಬೇಜಾರಾಯಿತು ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ನಾಟಕ ಬಿಡಲಿಲ್ಲ. ಪಾತ್ರ ಬೇಡವೆಂದು ಪರದೆ ಎಳೆಯುವ ಕೆಲಸ ಕೇಳಿ ಪಡೆದೆ. ಓದಿಗಾಗಿ ಉಳಿದದ್ದೆಲ್ಲಾ ಬಿಡಬೇಕು ಎನ್ನುವವರ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಪಕ್ಕದ ಕತ್ತಲಲ್ಲಿ ಹಗ್ಗ ಹಿಡಿದು, ಇನ್ನೊಬ್ಬರ ಮಾತು ಮುಗಿಯುವುದನ್ನೇ ಕಾಯುತ್ತಾ ನಿಂತ ಆ ಸಂಜೆಗಳಲ್ಲಿ ನನಗೆ ಎಷ್ಟು ಅಂಕ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಅದೊಂದು ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮನೆಗೆ ಹೋಗಿಬಿಡುತ್ತಿದ್ದೆನೇನೋ.

ಎರಡನೇ ಇಂಟರ್ನಲ್ಸ್‌ನಲ್ಲಿ 14 ಬಂತು. ಅಮ್ಮನಿಗೆ 14ರ ಜೊತೆ ಹಳೆಯ ಏಳನ್ನೂ ಹೇಳಿದೆ. "ನೀನು ಸೂಪರ್ ಅಂದಾಗಲೇ ಗೊತ್ತಾಯ್ತು ಕಣೇ, ಏನೋ ಎಡವಟ್ಟಾಗಿದೆ ಅಂತ" ಎಂದಳು.

ಗೆಳತಿ ಈಗ ಬೇರೆ ಊರಿನಲ್ಲಿದ್ದಾಳೆ. ಅವಳಿಗೆ ಬಂದದ್ದು 21 ಹೌದೋ, 22 ಇರಬಹುದೋ ಎಂದು ಅನುಮಾನ ಬಂದು ನಿನ್ನೆ ರಾತ್ರಿ ಫೋನ್ ಮಾಡಿದೆ. ಎತ್ತಲಿಲ್ಲ. ಗಡಿಯಾರ ನೋಡಿದೆ. ಹತ್ತೂ ಹತ್ತು.