ಅವರೆಕಾಯಿ ಕಾಲದಲ್ಲಿ ಹುಳಿ ಬಿಯರ್

ನಮ್ಮ ಕಡೆ ಬಿಯರ್ ಹುಳಿ ಬಂದಿದೆ ಅಂದರೆ ಬಾಟಲಿ ಸೀದಾ ಅಂಗಡಿಗೆ ವಾಪಸ್. ಬಿಯರ್ ತಣ್ಣಗಿರಬೇಕು, ಸ್ವಲ್ಪ ಕಹಿ ಇರಬೇಕು, ಬೇಗ ಏರಬೇಕು. ಲೆಕ್ಕ ಇಷ್ಟೇ. ಬೇಕಂತಲೇ ಹುಳಿ ಬರಿಸಿ, ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟು, ಆಮೇಲೆ ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ ಎಂದು ನನಗೆ ಹೇಳಿದವಳು ಅಕ್ಕನ ಮಗಳು. ಅವಳು ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಓದುತ್ತಿದ್ದಾಳೆ. ಆಹಾರದಲ್ಲಿರುವ ಯೀಸ್ಟ್, ಬ್ಯಾಕ್ಟೀರಿಯಾ ಅವಳ ವಿಷಯ. ಕಳೆದ ಡಿಸೆಂಬರ್‌ನಲ್ಲಿ ರಜೆಗೆ ಬಂದಾಗ ಅಂಥ ಹುಳಿ ಬಿಯರ್, ಸೇಜಾನ್ ಎಂಬ ಜಾತಿಯದು, ಸ್ವೆಟರ್ ಸುತ್ತಿ ಎರಡು ಬಾಟಲಿ ತಂದಿದ್ದಳು. ಅಪ್ಪನಿಗೆ ಅಂತ ಹೇಳಲು ಧೈರ್ಯ ಸಾಲದೆ ‘ಮಾವನಿಗೆ’ ಅಂದುಬಿಟ್ಟಳು. ಹಾಗಾಗಿ ನಾನು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಅಕ್ಕನ ಊರು ನಂದಿ ಹತ್ತಿರ. ಭಾವನದು ದ್ರಾಕ್ಷಿ ತೋಟ, ಅರ್ಧ ದಿಲ್‌ಖುಷ್, ಅರ್ಧ ಬೆಂಗಳೂರು ಬ್ಲೂ. ಬಾಟಲಿ ನೋಡಿದ ಅಕ್ಕ ಒಂದೇ ಮಾತು ಹೇಳಿದಳು. “ಏನಾದ್ರೂ ಮಾಡ್ಕೊಳ್ಳಿ, ದೇವರ ಮನೆ ಇರೋ ಕಡೆ ಬೇಡ.” ಸರಿ, ದ್ರಾಕ್ಷಿ ಕ್ರೇಟ್ ಜೋಡಿಸುವ ಶೆಡ್ಡಿಗೆ ಹೊರಟೆವು. ಭಾವ, ನಾನು, ಅಕ್ಕನ ಮಗಳು. ಹಿಂದೆಯೇ ಭಾವನ ತಂದೆಯೂ ಶಾಲು ಹೊದ್ದುಕೊಂಡು ಬಂದರು. ಆ ಮನೆಯಲ್ಲಿ ಎಲ್ಲರಿಗೂ ಅವರು ತಾತ, ನನಗೂ ಅಷ್ಟೇ.

ಫ್ರಿಜ್‌ನಲ್ಲಿ ಇಡಬೇಕಿತ್ತಲ್ವಾ ಎಂದು ಕೇಳಿದೆ. “ಬೇಡ ಮಾವ, ಹತ್ತು ಹನ್ನೆರಡು ಡಿಗ್ರಿ ಸಾಕು. ಜಾಸ್ತಿ ತಣ್ಣಗಾದ್ರೆ ವಾಸನೆಯೇ ಗೊತ್ತಾಗಲ್ಲ” ಅಂದಳು. ಬೆಳಗಿನಿಂದ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದಳಂತೆ. ಡಿಸೆಂಬರ್ ಸಂಜೆಯಲ್ಲಿ ನಂದಿ ಕಡೆಯ ಚಳಿ ಗೊತ್ತಲ್ಲ, ಬಾಟಲಿ ಹಿಡಿದರೆ ಬೆರಳು ಜುಮ್ಮೆನ್ನುತ್ತಿತ್ತು.

750 ಎಂಎಲ್‌ನ ದಪ್ಪ ಗಾಜಿನ ಬಾಟಲಿ. ಶಾಂಪೇನ್ ಬಾಟಲಿಗೆ ಇರುವ ಹಾಗೆ ಬಿರಡೆ, ಅದು ಹಾರದಂತೆ ಮೇಲೊಂದು ತಂತಿ. ಬಾಟಲಿಯೊಳಗೂ ಯೀಸ್ಟ್ ಜೀವಂತ ಇರುವುದರಿಂದ ಗ್ಯಾಸ್ ಒತ್ತಡ ಜಾಸ್ತಿಯಂತೆ. ಅವಳು ತಂತಿ ಬಿಚ್ಚಿ ಬಿರಡೆಯನ್ನು ಮೆಲ್ಲಗೆ ತಿರುಗಿಸಿದಳು. ಸದ್ದಿಗೆ ಶೆಡ್ಡಿನ ಮೂಲೆಯಲ್ಲಿದ್ದ ನಾಯಿ ಎದ್ದು ಹೊರಗೆ ಹೋಯಿತು. ಭಾವ ದ್ರಾಕ್ಷಿ ಚಪ್ಪರದ ಕಡೆ ಮುಖ ತಿರುಗಿಸಿ, ಕಂಬಕ್ಕೆ ಏನೋ ಆಗಿದೆ ಎನ್ನುವ ಹಾಗೆ ನೋಡುತ್ತ ನಿಂತರು. ಮಗಳ ಕೈಯಲ್ಲಿ ಬಾಟಲಿ ನೋಡುವ ಕಷ್ಟ ಅದು. ಲೋಟ ತುಂಬಿದ ಮೇಲೆ ತಿರುಗಿದರು.

ಬಿಯರ್ ಮಸುಕು ಹಳದಿ. ಬುರುಗು ಜೋರಾಗಿ ಎದ್ದು, ನೋಡುತ್ತಿದ್ದ ಹಾಗೆಯೇ ಇಳಿದುಹೋಯಿತು. ಹುಳಿ ಜಾಸ್ತಿ ಇರುವ ಬಿಯರ್‌ನಲ್ಲಿ ಬುರುಗು ನಿಲ್ಲುವುದು ಕಷ್ಟವಂತೆ. ಮೂಗಿನ ಹತ್ತಿರ ಹಿಡಿದರೆ ಮೊದಲು ನಿಂಬೆ ಸಿಪ್ಪೆ. ಆಮೇಲೆ ಒಣ ಹುಲ್ಲು. ಅದರ ಹಿಂದೆ ಇನ್ನೊಂದು ವಾಸನೆ ಇತ್ತು, ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗ ಭಾವನೇ ಹೇಳಿಬಿಟ್ಟರು.

“ಇದೇನಮ್ಮ, ಕೊಟ್ಟಿಗೆ ವಾಸನೆ ಬರ್ತಾ ಐತೆ?”

ಅವಳಿಗೆ ಖುಷಿಯೋ ಖುಷಿ. ಅದೇ ಬರಬೇಕಂತೆ! ಆ ವಾಸನೆ ತರುವುದು ಬ್ರೆಟನೊಮೈಸಿಸ್ ಎಂಬ ಯೀಸ್ಟ್. ಎಲ್ಲರೂ ಬಾಯಿಗೆ ಸುಲಭ ಆಗಲಿ ಎಂದು ಬ್ರೆಟ್ ಅನ್ನುತ್ತಾರೆ. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕ್ಲಾಸೆನ್ ಎಂಬ ವಿಜ್ಞಾನಿ ಅದಕ್ಕೆ ಹೆಸರಿಟ್ಟರು. ಇಂಗ್ಲೆಂಡಿನ ಹಳೆಯ ಬಿಯರ್‌ಗಳ ವಿಶೇಷ ರುಚಿಗೆ ಅದೇ ಕಾರಣ ಎಂದು ತೋರಿಸಿದರು. ವೈನ್ ಮಾಡುವವರಲ್ಲಿ ಹೆಚ್ಚಿನವರಿಗೆ ಈ ಯೀಸ್ಟ್ ಕಂಡರೆ ಆಗದು, ಪೀಪಾಯಿಗೆ ಒಮ್ಮೆ ಹೊಕ್ಕರೆ ವೈನ್ ಕೆಟ್ಟಿತು ಎಂದೇ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಇಲ್ಲಿ ಅದನ್ನೇ ಕರೆದು ಮಣೆ ಹಾಕುತ್ತಾರೆ. ಮಾಮೂಲಿ ಯೀಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನೂ ಬ್ರೆಟ್ ತಿಂಗಳುಗಟ್ಟಲೆ ಕೂತು ತಿನ್ನುತ್ತದೆ. ಕೊನೆಗೆ ಸಿಹಿ ಅನ್ನುವುದೇ ಉಳಿಯುವುದಿಲ್ಲ.

ಮೊದಲ ಗುಟುಕಿಗೆ ದವಡೆ ಬಿಗಿಯಿತು. ಕಣ್ಣು ತಾನಾಗಿಯೇ ಮುಚ್ಚಿತು. ಹುಳಿ ಅಳೆಯುವ ಲೆಕ್ಕ ಪಿಎಚ್, ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ಮಾಮೂಲಿ ಬಿಯರ್‌ನದು ನಾಲ್ಕಕ್ಕಿಂತ ಸ್ವಲ್ಪ ಮೇಲಿರುತ್ತದೆ, ಇಂಥದ್ದರಲ್ಲಿ 3.3, 3.5ರ ಆಸುಪಾಸಿಗೆ ಇಳಿಯುತ್ತದೆ. ಅಂಕಿ ಚಿಕ್ಕದು, ಆದರೆ ಹಲ್ಲಿಗೆ ಗೊತ್ತಾಗುತ್ತದೆ. ಕಹಿ ಹುಡುಕಿದರೂ ಇಲ್ಲ. ಕಹಿ ಕೊಡುವ ಹಾಪ್ಸ್ ಜಾಸ್ತಿ ಹಾಕಿದರೆ ಹುಳಿ ತರುವ ಲ್ಯಾಕ್ಟೋಬ್ಯಾಸಿಲಸ್ ಬೆಳೆಯುವುದಿಲ್ಲ, ಅದಕ್ಕೆ ಕೈ ಬಿಗಿ ಹಿಡಿದು ಹಾಕುತ್ತಾರೆ. ನುಂಗಿದ ಮೇಲೆ ನಾಲಿಗೆಯ ಎರಡೂ ಬದಿಯಲ್ಲಿ ಒಗರು ಉಳಿಯಿತು. ಅದು ಓಕ್ ಮರದ್ದು. ಲೇಬಲ್ ಮೇಲೆ 6.5 ಪರ್ಸೆಂಟ್ ಅಂತಿತ್ತು, ಬಾಯಿಗೆ ಮಾತ್ರ ಅಷ್ಟಿದೆ ಅನ್ನಿಸಲೇ ಇಲ್ಲ.

ಎರಡನೇ ಗುಟುಕಿಗೆ ಮುಖ ಕಿವುಚಲಿಲ್ಲ. ಮೂರನೆಯದಕ್ಕೆ ರುಚಿ ಶುರುವಾಯಿತು. ಇಂದಿರಾನಗರದಲ್ಲಿ ಟಾಯ್ಟ್ ಎಂಬ ಬ್ರೂಪಬ್ ಶುರುವಾದ 2010ರಿಂದಲೂ ಬೆಂಗಳೂರಿನ ಗೆಳೆಯರ ಜೊತೆ ತರಾವರಿ ಬಿಯರ್ ಕುಡಿದಿದ್ದೇನೆ. ಅಲ್ಲೆಲ್ಲ ಮೊದಲ ಗುಟುಕೇ ಚೆನ್ನಾಗಿರುತ್ತದೆ, ಲೋಟದ ತಳಕ್ಕೆ ಬರುವ ಹೊತ್ತಿಗೆ ಸಪ್ಪೆ. ಇದು ಉಲ್ಟಾ.

ತಾತ ಅಷ್ಟು ಹೊತ್ತು ಏನೂ ಹೇಳಿರಲಿಲ್ಲ. ಸ್ವಲ್ಪ ಕುಡಿದು, ಬಾಯಲ್ಲಿ ಆಡಿಸಿ, “ನೆನ್ನೇದು” ಅಂದರು.

ನಮಗೆ ಅರ್ಥ ಆಗಲಿಲ್ಲ. ಅವರು ಹೇಳಿದ್ದು ಈಚಲು ಹೆಂಡದ ಲೆಕ್ಕ. ಅವರ ಪ್ರಾಯದಲ್ಲಿ ಕೆರೆಯ ಹಿಂದೆ ಈಚಲ ವನ ಇತ್ತಂತೆ. ಬೆಳಗ್ಗೆ ಇಳಿಸಿದ ಹೆಂಡ ಸಿಹಿ. ಬಿಸಿಲೇರಿದ ಹಾಗೆ ನೊರೆ ಕಟ್ಟಿ ಏರುತ್ತದೆ. ಸಂಜೆಗೆ ಹುಳಿ. ಮಾರನೇ ದಿನದ್ದನ್ನು ಕುಡಿಯುವವನು ಒಂದೋ ಸಾಲಗಾರ, ಇಲ್ಲಾ ಜಿಪುಣ! ಆಮೇಲೆ ಅವರು ಹೇಳಿದ ಇನ್ನೊಂದು ಮಾತಿಗೆ ಅಕ್ಕನ ಮಗಳು ಲೋಟ ಕೆಳಗಿಟ್ಟು ಕಿವಿ ಕೊಟ್ಟಳು. ಹೊಸ ಮಡಕೆಯಲ್ಲಿ ಹೆಂಡ ಸರಿಯಾಗಿ ಕೂರುತ್ತಿರಲಿಲ್ಲವಂತೆ. ಹಳೆ ಮಡಕೆಯೇ ಆಗಬೇಕು, ಅದನ್ನೂ ಉಜ್ಜಿ ತೊಳೆಯಬಾರದು, ಸುಮ್ನೆ ನೀರಾಡಿಸಿ ಕಟ್ಟಬೇಕು.

“ಪೀಪಾಯಿನೂ ಹಂಗೇ ತಾತ” ಅಂದಳು. ಓಕ್ ಮರದ ಸಂದಿಯೊಳಗೆ ಯೀಸ್ಟ್, ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಎಷ್ಟು ಬಿಸಿನೀರು ಹುಯ್ದರೂ ಪೂರ್ತಿ ಹೋಗುವುದಿಲ್ಲ. ಮುಂದಿನ ಸಲ ಬಿಯರ್ ತುಂಬಿದರೆ ಅವೇ ಕೆಲಸ ಶುರು ಮಾಡುತ್ತವೆ. ನಮ್ಮ ಬಿಸಿಲಿನ ಮಡಕೆಯಲ್ಲಿ ಗಂಟೆಗಳಲ್ಲಿ ಮುಗಿಯುವ ಕೆಲಸಕ್ಕೆ ಅಲ್ಲಿನ ತಣ್ಣನೆಯ ನೆಲಮಾಳಿಗೆಯಲ್ಲಿ ವರ್ಷ ಹಿಡಿಯುತ್ತದೆ. ನಡುವೆ ಒಂದೊಂದು ಸಲ ಪೆಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಜೋರಾಗಿ ಬಿಯರ್ ಲೋಳೆಲೋಳೆ ಆಗುತ್ತದಂತೆ. ಆಗ ಯಾರೂ ಗಾಬರಿ ಬೀಳುವುದಿಲ್ಲ. ಕೆಲವು ತಿಂಗಳಲ್ಲಿ ಬ್ರೆಟ್ ಆ ಲೋಳೆಯನ್ನೂ ತಿಂದು ಮುಗಿಸುತ್ತದೆ. ಅಷ್ಟು ಕಾಯುವ ತಾಳ್ಮೆ ನನಗಂತೂ ಇಲ್ಲ.

ಪೀಪಾಯಿ ನನಗೆ ಪೂರ್ತಿ ಹೊಸದಲ್ಲ. ನಂದಿ ಬೆಟ್ಟದ ಆಚೆ ಬದಿಗೆ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ವೈನ್‌ನವರ ತೋಟಕ್ಕೆ ಒಮ್ಮೆ ಹೋಗಿದ್ದೆ. ಅಲ್ಲಿ ಫ್ರೆಂಚ್ ಓಕ್ ಪೀಪಾಯಿಗಳನ್ನು ಸಾಲಾಗಿ ಇಟ್ಟಿದ್ದರು. ವೈನಿನವರು ಬಳಸಿ ಬಿಟ್ಟ ಇಂಥ ಪೀಪಾಯಿಗಳನ್ನೇ ಬಿಯರ್ ಮಾಡುವವರು ಕೊಳ್ಳುವುದು ಎಂದು ಇವಳಿಂದ ತಿಳಿಯಿತು. ಮಾಮೂಲಿ ಅಳತೆ 225 ಲೀಟರ್. ಹೊಸದಾದರೆ ಮರದ ವಾಸನೆಯೇ ಬಿಯರನ್ನು ನುಂಗಿಬಿಡುತ್ತದೆ, ಹಳೆಯದಾದಷ್ಟೂ ಒಳ್ಳೆಯದು.

ಈ ಸೇಜಾನ್ ಬಿಯರಿನ ಮೂಲ ಬೆಲ್ಜಿಯಂನ ವಲೋನಿಯಾ ಭಾಗ, ಅದರಲ್ಲೂ ಏನೋ ಎಂಬ ಪ್ರಾಂತ್ಯದ ಹೊಲಮನೆಗಳು. (‘ಏನೋ’ ಅಂದರೆ ನನಗೆ ಮರೆತಿದೆ ಅಂತಲ್ಲ. ಪ್ರಾಂತ್ಯದ ಹೆಸರೇ ಹಾಗೆ ಉಚ್ಚರಿಸುತ್ತಾರೆ, ಭಾವ ಪಾಪ ಅದಕ್ಕೇ ಮತ್ತೆ ಮತ್ತೆ ಕೇಳಿದರು.) ಹೊಲದಲ್ಲಿ ಕೆಲಸ ಇಲ್ಲದ ಚಳಿಗಾಲದಲ್ಲಿ ರೈತರೇ ಬಿಯರ್ ಮಾಡಿಡುತ್ತಿದ್ದರು. ಬೇಸಿಗೆಯಲ್ಲಿ ಕೂಲಿಯವರಿಗೆ ಬಾಯಾರಿಕೆಗೆ ಅದೇ. ಟೂರ್ಪ್ ಎಂಬ ಊರಿನಲ್ಲಿ 1844ರಿಂದ ಇರುವ ಹೊಲಮನೆ ಬ್ರೂವರಿಯಲ್ಲಿ ಈಗಲೂ ಸೇಜಾನ್ ದ್ಯುಪಾಂ ಎಂಬ ಬಿಯರ್ ಮಾಡುತ್ತಾರೆ, ಅದು ಹುಳಿಯಲ್ಲ. ಪೀಪಾಯಿ, ಬ್ರೆಟ್ ಎಲ್ಲ ಸೇರಿಸಿ ಹುಳಿ ಮಾಡುವ ಈಗಿನ ಗೀಳು ಬೆಳೆದದ್ದರಲ್ಲಿ ಅಮೆರಿಕದವರ ಪಾಲು ದೊಡ್ಡದು.

ಇಲ್ಲಿ ನನ್ನದೊಂದು ತಕರಾರಿದೆ. ಕೂಲಿಯವರು ಮೊಗೆಮೊಗೆದು ಕುಡಿಯುತ್ತಿದ್ದ ಅಗ್ಗದ ಬಿಯರ್ ಈಗ ಶಾಂಪೇನ್ ಬಾಟಲಿ ಹೊಕ್ಕು ಕೂತಿದೆ. ಲೇಬಲ್ ಮೇಲೆ ಹೊಲದ ಚಿತ್ರ ಇರುತ್ತದೆ, ಹೊಲದಲ್ಲಿ ದುಡಿಯುವವನ ಕೈಗೆ ಎಟುಕುವ ಬೆಲೆ ಇರುವುದಿಲ್ಲ. ಎಷ್ಟು ಕೊಟ್ಟೆ ಎಂದು ತಾತ ಕೇಳಿದಾಗ ಅವಳು ಸ್ವಲ್ಪ ತಡವರಿಸಿ 12 ಯೂರೋ ಅಂದಳು. ಸಾವಿರ ರೂಪಾಯಿಗೆ ಮೇಲೆ ಎಂದು ಭಾವ ಲೆಕ್ಕ ಹಾಕಿದರು. “ಹುಳಿ ಬಂದಿದ್ದಕ್ಕಾ?” ಎಂದು ತಾತ ನಕ್ಕಿದ್ದು ನಕ್ಕಿದ್ದೇ. ಒಂದು ಕ್ರೇಟ್ ದ್ರಾಕ್ಷಿ ಮಾರಿದರೆ ಎಷ್ಟು ಸಿಗುತ್ತದೆ ಎನ್ನುವುದು ಆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆ ಮಾತು ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಅಕ್ಕ ತಟ್ಟೆ ಕಳಿಸಿದಳು. ಡಿಸೆಂಬರ್ ಅಂದ ಮೇಲೆ ಮನೆ ತುಂಬ ಸೊಗಡವರೆ. ಉಪ್ಪು, ಕರಿಬೇವು ಹಾಕಿ ಎಣ್ಣೆಯಲ್ಲಿ ಕರಿದ ಹಿತಕಿದ ಬೇಳೆ ಒಂದು ತಟ್ಟೆ, ನಾಟಿಕೋಳಿ ಹುರಿದದ್ದು ಒಂದು ತಟ್ಟೆ. ಕೋಳಿಗೇ ಜೋಡಿ ಎಂದು ನಾನು ಅದಕ್ಕೆ ಕೈ ಹಾಕಿದೆ. ಸರಿಹೋಗಲಿಲ್ಲ. ಮೆಣಸಿನಕಾಯಿ ಖಾರಕ್ಕೆ ಬಿಯರಿನ ಗ್ಯಾಸ್ ಸೇರಿ ಬಾಯೆಲ್ಲ ಉರಿಯಿತು, ಕೋಳಿಯ ರುಚಿಯೂ ಇಲ್ಲ, ಬಿಯರಿನ ರುಚಿಯೂ ಇಲ್ಲ. ಆದರೆ ಕರಿದ ಅವರೆಬೇಳೆ! ಒಂದು ಹಿಡಿ ಬಾಯಿಗೆ ಹಾಕಿ ಮೇಲೆ ಒಂದು ಗುಟುಕು. ಎಣ್ಣೆಯ ಜಿಡ್ಡನ್ನು ಹುಳಿ ತೊಳೆದುಬಿಡುತ್ತದೆ, ಉಪ್ಪು ಹುಳಿಯ ಚೂಪನ್ನು ತಗ್ಗಿಸುತ್ತದೆ, ಸೊಗಡಿನ ವಾಸನೆಯೂ ಆ ಹುಲ್ಲಿನ ವಾಸನೆಯೂ ಎಲ್ಲೋ ಒಂದು ಕಡೆ ಕೂಡಿಕೊಳ್ಳುತ್ತವೆ. ಕೊಟ್ಟಿಗೆ ಎಂದು ಮೂಗು ಮುರಿದಿದ್ದ ಭಾವ ಮಾತಿಲ್ಲದೆ ಲೋಟ ಮುಂದೆ ಹಿಡಿದರು. ಹುಣಸೆ, ನಿಂಬೆ, ಮಾವಿನಕಾಯಿ ಇಲ್ಲದೆ ಒಂದು ದಿನ ಊಟ ಮಾಡದವರು ನಾವು. ಹುಳಿ ನಮಗೆ ಸಮಸ್ಯೆಯೇ ಅಲ್ಲ. ಕುಡಿಯುವುದನ್ನು ಊಟದ ಜೊತೆ, ರುಚಿಗೆ, ಕೂತು ಕುಡಿದ ಅಭ್ಯಾಸ ಇಲ್ಲ, ಅಷ್ಟೇ. 2007ರಲ್ಲಿ ನಿಂತುಹೋಗುವ ತನಕ ಸಾರಾಯಿ ಪ್ಯಾಕೆಟ್ ನಿಂತಲ್ಲೇ ಹಲ್ಲಿನಲ್ಲಿ ಕಚ್ಚಿ ಮುಗಿಸುವ ಪದಾರ್ಥವಾಗಿತ್ತು. ಈಗಿನ ಸ್ಟ್ರಾಂಗ್ ಬಿಯರನ್ನೂ ಹೆಚ್ಚಿನವರು ಹಾಗೇ ಮುಗಿಸುವುದು.

ಎರಡನೇ ಬಾಟಲಿ ನಿರಾಸೆ ಮಾಡಿತು. ಅದೇ ಬ್ರೂವರಿ, ಅದೇ ಲೇಬಲ್, ಬೇರೆ ವರ್ಷದ್ದು. ಬಿರಡೆ ತೆಗೆದ ಕೂಡಲೇ ಮೂಗಿಗೆ ಹೊಡೆದದ್ದು ವಿನೆಗರ್, ಅದರ ಜೊತೆ ನೇಲ್ ಪಾಲಿಶ್ ವಾಸನೆ. ಮೊದಲನೆಯದರ ಹುಳಿ ನಾಲಿಗೆಯ ಮೇಲೆ ನಿಂತು ನಿಧಾನವಾಗಿ ಇಳಿಯುತ್ತಿತ್ತು. ಇದು ಗಂಟಲು ಕೊರೆಯಿತು. ಪೀಪಾಯಿಯ ಒಳಗೆ ಗಾಳಿ ಒಂಚೂರೇ ಆಡಬೇಕು. ಹಲಗೆ ಒಣಗಿ ಸಂದಿ ಬಿಟ್ಟರೆ, ಇಲ್ಲವೇ ಪೀಪಾಯಿ ತುಂಬಿರದಿದ್ದರೆ, ವಿನೆಗರ್ ಮಾಡುವ ಬ್ಯಾಕ್ಟೀರಿಯಾಗೆ ಹಬ್ಬ. ಅದಕ್ಕೇ ಒಳ್ಳೆಯ ಬ್ರೂವರಿಯವರು ಒಂದೊಂದೇ ಪೀಪಾಯಿ ರುಚಿ ನೋಡಿ, ಯಾವುದಕ್ಕೆ ಯಾವುದನ್ನು ಬೆರೆಸಬೇಕು ಎಂದು ತೂಗಿ, ಕೆಟ್ಟದ್ದನ್ನು ಚರಂಡಿಗೆ ಬಿಡುತ್ತಾರಂತೆ. ಈ ಪೀಪಾಯಿ ಹೇಗೋ ಪಾರಾಗಿ ಬಂದಿತ್ತು. ಇದೂ ಒಂದು ಶೈಲಿ ಎಂದು ವಾದಿಸುವವರಿದ್ದಾರೆ ಎಂದಳು ಅಕ್ಕನ ಮಗಳು. ನಾನು ಒಪ್ಪಲಿಲ್ಲ. ಕಾಡು ಯೀಸ್ಟ್, ಪ್ರಕೃತಿಯ ಆಟ ಎಂದೆಲ್ಲ ಹೇಳಿ ಕೆಟ್ಟದ್ದನ್ನೂ ದಾಟಿಸಿಬಿಡುವ ಚಾಳಿ ಇದರಲ್ಲಿ ಇದ್ದೇ ಇದೆ. ತಾತ ಮೂಸಿ ನೋಡಿ “ಮೊನ್ನೇದು” ಎಂದು ಲೋಟ ಪಕ್ಕಕ್ಕೆ ಸರಿಸಿದರು. ಅದಕ್ಕಿಂತ ಚುಟುಕಾದ ವಿಮರ್ಶೆ ನನಗೆ ಬರುವುದಿಲ್ಲ.

ಜನವರಿಯಲ್ಲಿ ಅವಳನ್ನು ದೇವನಹಳ್ಳಿ ಏರ್‌ಪೋರ್ಟಿಗೆ ಬಿಡಲು ಭಾವನ ಜೊತೆ ನಾನೂ ಹೋಗಿದ್ದೆ. ದಾರಿಯುದ್ದಕ್ಕೂ ಸುಮ್ಮನಿದ್ದ ಭಾವ ಟೋಲ್ ದಾಟಿದ ಮೇಲೆ, ವಿದೇಶದಿಂದ ಬರುವಾಗ ಎಷ್ಟು ತರಲು ಬಿಡುತ್ತಾರೆ ಎಂದು ಕೇಳಿದರು. ಸುಂಕ ಇಲ್ಲದೆ ಒಬ್ಬರಿಗೆ ಎರಡು ಲೀಟರ್ ಎಂದಳು.

“ಹಂಗಾದ್ರೆ ಈ ಸಲ ಅರ್ಧ ಲೀಟರ್ ಕಮ್ಮಿ ತಂದಿದ್ದೀಯ” ಅಂದರು ಭಾವ.