ಬಾಲದ ಕಡೆಯವರು ಮೊದಲು ಮಾತಾಡಲಿ

ನಮ್ಮೂರು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿದೆ. ಇಲ್ಲಿಂದ ಸಮುದ್ರ ಬಹಳ ದೂರ. ಆದರೆ ಹದಿನಾಲ್ಕು ವರ್ಷದಿಂದ ನಾನು ಉಣ್ಣುವ ಅನ್ನ ಸಮುದ್ರದ್ದು. ಐದು ವಾರ ಹಡಗಿನಲ್ಲಿ, ಐದು ವಾರ ಮನೆಯಲ್ಲಿ. ಸಮುದ್ರದ ತಳದ ಕೆಳಗಿರುವ ಕಲ್ಲಿನ ಪದರಗಳನ್ನು ಶಬ್ದದಿಂದ ಅಳೆಯುವ ಸೀಸ್ಮಿಕ್ ಸರ್ವೆ ನಮ್ಮ ಕೆಲಸ. ಎಣ್ಣೆ, ಗ್ಯಾಸ್ ಎಲ್ಲಿರಬಹುದು ಅಂತ ತಿಳಿಯುವುದು ಇದರಿಂದಲೇ. ಮೊದಲು ಹಿಂದಿನ ಡೆಕ್ಕಿನಲ್ಲಿ ಏರ್‌ಗನ್ ಮೆಕ್ಯಾನಿಕ್ ಆಗಿದ್ದೆ. ಈಗ ಪಾರ್ಟಿ ಚೀಫ್. ಹಡಗು ಕ್ಯಾಪ್ಟನ್ ಸಾಹೇಬರದು, ಸರ್ವೆ ನನ್ನದು.

ಊರಿಗೆ ಬಂದಾಗ ಎಲ್ಲರೂ ಕೇಳುತ್ತಾರೆ, ನೀರಿನ ಕೆಳಗಿನ ಕಲ್ಲು ಹೇಗೆ ಕಾಣುತ್ತದೆ ಅಂತ. ಬೈಕ್ ಟೈರಿಗೆ ನಾವು 30 ಪಿಎಸ್ಐ ಆಸುಪಾಸು ಗಾಳಿ ಹಾಕಿಸುತ್ತೇವಲ್ವಾ? ಏರ್‌ಗನ್‌ನಲ್ಲಿ 2000 ಪಿಎಸ್ಐ ಇರುತ್ತದೆ. ಆ ಗಾಳಿಯನ್ನು ನೀರಿನೊಳಗೆ ಒಮ್ಮೆಲೇ ಬಿಡುತ್ತೇವೆ. ಶಬ್ದ ಕೆಳಗೆ ಹೋಗಿ, ಪದರಗಳಿಗೆ ಬಡಿದು ವಾಪಸ್ ಬರುತ್ತದೆ. ಅದನ್ನು ಹಿಡಿಯುವುದು ಹಡಗು ತನ್ನ ಹಿಂದೆ ಎಳೆದುಕೊಂಡು ಹೋಗುವ ಕೇಬಲ್‌ಗಳು. ಅವಕ್ಕೆ ಸ್ಟ್ರೀಮರ್ ಅನ್ನುತ್ತೇವೆ. ನಮ್ಮ ಹಡಗಿಗೆ ಹತ್ತು ಸ್ಟ್ರೀಮರ್, ಒಂದೊಂದೂ 8 ಕಿ.ಮೀ. ಉದ್ದ, ನಡುವೆ 100 ಮೀಟರ್ ಅಂತರ. ಹೊಲದ ಲೆಕ್ಕದಲ್ಲಿ ಹೇಳಿದರೆ ಸುಮಾರು 1,780 ಎಕರೆಯನ್ನು ಹಿಂದೆ ಕಟ್ಟಿಕೊಂಡು ಹೋಗುತ್ತೇವೆ.

ಇದಕ್ಕೆ ಬ್ರೇಕ್ ಇಲ್ಲ. ಹಡಗು ತೀರಾ ನಿಧಾನವಾದರೆ ಸ್ಟ್ರೀಮರ್‌ಗಳು ಹತೋಟಿ ತಪ್ಪುತ್ತವೆ, ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಒಂದು ಸಾಲು ಮುಗಿಸಿ ತಿರುಗಿ ಇನ್ನೊಂದು ಸಾಲಿಗೆ ಬರಲು ಮೂರು ಗಂಟೆ ಬೇಕು. ನಮ್ಮ ವೇಗ ಗಂಟೆಗೆ 8 ಕಿ.ಮೀ. ಸ್ವಲ್ಪ ಜಾಸ್ತಿ. ಹಡಗಿನ ಮೂತಿ ದಾಟಿದ ಜಾಗವನ್ನು ಬಾಲ, ಅಂದರೆ ಸ್ಟ್ರೀಮರ್‌ಗಳ ತುದಿ, ದಾಟುವುದು ಒಂದು ಗಂಟೆಯ ನಂತರ. ಆ ಒಂದು ಗಂಟೆಯಲ್ಲಿ ಹಿಂದೆ ಏನಾಯಿತು ಅಂತ ಹಡಗು ನಡೆಸುವ ಕೋಣೆಯಲ್ಲಿ, ಅಂದರೆ ಬ್ರಿಡ್ಜ್‌ನಲ್ಲಿ ನಿಂತವನ ಕಣ್ಣಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಪರದೆಯ ಮೇಲಿನ ಹತ್ತು ಗೆರೆ ಮಾತ್ರ.

ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮುನಿರಾಬಾದಿನಿಂದ ಹೊರಟ ಕಾಲುವೆ ಇನ್ನೂರು ಕಿ.ಮೀ.ಗೂ ಹೆಚ್ಚು ಹರಿಯುತ್ತದೆ. ಮೇಲೆ ಗೇಜ್ ನೋಡಿದರೆ ನೀರು ಭರ್ತಿ. ನಮ್ಮಲ್ಲಿ ಭತ್ತದ ಗದ್ದೆ ಬಿರುಕು ಬಿಟ್ಟಿರುತ್ತದೆ. "ಮ್ಯಾಲಿನವ್ರು ನೀರು ಬಿಟ್ಟೀವಿ ಅಂತಾರ. ಇಲ್ಲಿ ಬಂದು ನೋಡಿದವ್ರು ಯಾರು, ತಮ್ಮಾ?" ಅಂತ ಅಪ್ಪ ಎಷ್ಟು ಸಲ ಅಂದಿದ್ದಾರೋ. ಈ ಮಾತು ಕೇಳಿಯೇ ಬೆಳೆದ ನಾನು ಅದೇ ತಪ್ಪು ಮಾಡಿದೆ.

ಪಾರ್ಟಿ ಚೀಫ್ ಆದ ಮೊದಲ ಸೀಸನ್. ಬಂಗಾಳ ಕೊಲ್ಲಿ, ಕಾಕಿನಾಡ ಕಡೆಯ ನೀರು. ದೊಡ್ಡ ಹಡಗಿನ ಸುತ್ತ ಎರಡು ಚೇಸ್ ಬೋಟ್ ಇದ್ದವು. ಮೀನುಗಾರರ ಬಲೆ, ದೋಣಿ ನಮ್ಮ ದಾರಿಗೆ ಬರದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಒಂದರಲ್ಲಿ ಆ ಕರಾವಳಿಯ ಮೀನುಗಾರ ಕುಟುಂಬದ ಹುಡುಗನೊಬ್ಬ ಇದ್ದ. ದೋಣಿಯವರ ಜೊತೆ ಮಾತಾಡಲು ಅವನನ್ನು ತೆಗೆದುಕೊಂಡಿದ್ದೆವು. ಬಿದಿರಿನ ತುದಿಯ ಬಾವುಟದ ಬಣ್ಣ ನೋಡಿಯೇ ಇದು ಯಾವ ಊರಿನವರ ಬಲೆ ಅಂತ ಹೇಳುತ್ತಿದ್ದ. ಅಂಥ ಕಣ್ಣು ನಮ್ಮ ರೇಡಾರ್‌ಗೂ ಇರಲಿಲ್ಲ.

ಒಂದು ಮಧ್ಯಾಹ್ನ ದೋಣಿಯವರು ಅವನಿಗೆ ಹೇಳಿದ್ದರು, ರಾತ್ರಿ ಇಲ್ಲೇ ಬಲೆ ಬಿಡುತ್ತೇವೆ ಅಂತ. ಅವನು ರೇಡಿಯೋದಲ್ಲಿ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅದನ್ನು ಹೇಳಿದ. ನಮ್ಮ ಡ್ಯೂಟಿ ಆಫೀಸರಿಗೆ ದೋಣಿಗಳು ಹೊರಟು ಹೋದವು ಅಂತ ಕೇಳಿಸಿತು. ಸಂಜೆ ಏಳರ ಮೀಟಿಂಗ್‌ನಲ್ಲಿ ನಾನೇ ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಚೇಸ್ ಬೋಟ್‌ಗಳನ್ನು ಎಲ್ಲಾ ಓಕೆನಾ ಅಂತ ಕೇಳಿದೆ. ಓಕೆ ಅಂದರು.

ರಾತ್ರಿ ಎರಡರ ಸುಮಾರಿಗೆ ಹೊರಗಿನ ಎರಡು ಸ್ಟ್ರೀಮರ್ ಬಲೆಗೆ ಸಿಕ್ಕಿ ಸುತ್ತಿಕೊಂಡವು.

ಬೆಳಿಗ್ಗೆ ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಸರ್ವೆ ಮಾಡಿಸುತ್ತಿದ್ದ ಕಂಪನಿಯವರು ಗಂಟೆಗೊಮ್ಮೆ ಕೇಳುತ್ತಿದ್ದರು, ಯಾವಾಗ ಶುರು ಅಂತ. ವರ್ಕ್‌ಬೋಟ್ ಇಳಿಸಿ ಬಲೆ ಕತ್ತರಿಸಿ ಬನ್ನಿ ಅಂದೆ. ಚಿಕ್ಕ ಬೋಟ್, ಎಳೆತದಲ್ಲಿರುವ ಕೇಬಲ್, ಏಳುತ್ತಿದ್ದ ಅಲೆ. ಬೋಟ್ ನಡೆಸುವ ಹಿರಿಯರು ಒಂದು ಕ್ಷಣ ನೀರನ್ನೇ ನೋಡಿದರು. "ಇವತ್ತು ಬೇಡ ಸರ್, ಕೈ ಹೋಗ್ತದೆ" ಅಂದರು. ನನಗೆ ಸಿಟ್ಟು ಬಂತು. ಆದರೆ ನಮ್ಮಲ್ಲಿ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಅನ್ನುವ ನಿಯಮ ಇದೆ. ಒಪ್ಪಿಕೊಂಡೆ. ಮಧ್ಯಾಹ್ನಕ್ಕೆ ಅಲೆ ಹಿಂದಿನ ಡೆಕ್ಕಿನ ಮೇಲೆ ಬಡಿಯುತ್ತಿತ್ತು. ಅವರನ್ನು ಕಳಿಸಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಒಟ್ಟು ಮೂರು ದಿನ ಹೋಯಿತು. ನಮ್ಮದು ಬಿಡಿ. ಆ ದೋಣಿಯವರ ಬಲೆ ಹೋಗಿತ್ತು. ಪರಿಹಾರ ಕೊಡಿಸಿದೆವು, ಆದರೆ ಅಷ್ಟು ದಿನದ ಮೀನು ಯಾರು ಕೊಡುತ್ತಾರೆ?

ಆಮೇಲೆ ಆ ಹುಡುಗನ ಜೊತೆ ಕೂತೆ. ನನಗೆ ತೆಲುಗು ಬರುತ್ತದೆ, ರಾಯಚೂರು ಕಡೆಯವರಿಗೆ ಅದೇನು ಹೊಸದಲ್ಲ. "ರಾತ್ರಿಕಿ ಇಕ್ಕಡ ವಲಲು ವೇಸ್ತಾರು ಅನ್ನಾ" ಅಂತ ಮಧ್ಯಾಹ್ನವೇ ಹೇಳಿದ್ದನ್ನು ಮತ್ತೆ ಹೇಳಿದ. ರಾತ್ರಿ ಇಲ್ಲಿ ಬಲೆ ಹಾಕುತ್ತಾರೆ ಅಂತ. ಸಂಜೆ ಮೀಟಿಂಗ್‌ನಲ್ಲಿ ಯಾಕೆ ಹೇಳಲಿಲ್ಲ ಅಂದೆ. ದೊಡ್ಡವರು ಮಾತಾಡುವಾಗ ನಡುವೆ ಹೇಗೆ ಹೇಳುವುದು ಅಂದ.

ಮರುದಿನದಿಂದ ಸಂಜೆಯ ಮೀಟಿಂಗ್ ಬಾಲದಿಂದ ಶುರುವಾಯಿತು. ಮೊದಲು ಚೇಸ್ ಬೋಟ್, ಆಮೇಲೆ ವರ್ಕ್‌ಬೋಟ್, ಆಮೇಲೆ ಡೆಕ್, ಕೊನೆಗೆ ನಾನು. ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಕೇಳುತ್ತೇನೆ, ನನಗೆ ಅರ್ಥವಾದದ್ದನ್ನು ತೆಲುಗಿನಲ್ಲೇ ತಿರುಗಿ ಹೇಳುತ್ತೇನೆ. ಅವನು ಸರಿ ಅಂದ ಮೇಲೆ ಇಂಗ್ಲಿಷಿಗೆ ಹೋಗುತ್ತದೆ. ಸಾಲು ಶುರು ಮಾಡುವ ಮೊದಲು ಒಂದು ಚೇಸ್ ಬೋಟ್ ಆ ದಾರಿಯಲ್ಲಿ ಹೋಗಿ ನೋಡಿ ಬರುತ್ತದೆ. ಬಲೆ ಬೀಳುವ ಜಾಗವನ್ನು ಹಗಲಿಗೆ, ಖಾಲಿ ಜಾಗವನ್ನು ರಾತ್ರಿಗೆ ಇಟ್ಟೆವು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಆಗ ಸಮುದ್ರ ಖಾಲಿ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎಂಜಿನ್ ಇಲ್ಲದ ಸಣ್ಣ ದೋಣಿಗಳಿಗೆ ನಿಷೇಧ ಇಲ್ಲ. ಅವು ರೇಡಾರ್‌ನಲ್ಲಿ ಕಾಣುವುದೂ ಕಷ್ಟ.

ಆ ಸೀಸನ್‌ನಲ್ಲಿ ಮತ್ತೆ ಬಲೆಗೆ ಸಿಕ್ಕಿಕೊಳ್ಳಲಿಲ್ಲ. ಮೀಟಿಂಗ್ ಹತ್ತು ನಿಮಿಷ ಜಾಸ್ತಿ ಆಗುತ್ತದೆ, ಅಷ್ಟೇ.

ಮುಂದಿನ ವಾರ ಮತ್ತೆ ಹೊರಡುತ್ತೇನೆ, ಹೊಸ ತಂಡ, ಹೊಸ ಚೇಸ್ ಬೋಟ್. ಮೊದಲ ಎರಡು ದಿನ ದೊಡ್ಡ ಹಡಗು ಬಿಟ್ಟು ಆ ಬೋಟ್‌ನಲ್ಲೇ ಇರುತ್ತೇನೆ ಅಂತ ಕ್ಯಾಪ್ಟನ್ ಸಾಹೇಬರಿಗೆ ಬರೆದಿದ್ದೇನೆ.