ಲ್ಯಾನ್ಸ್‌ಡೌನ್‌ನಲ್ಲಿ ಸಿಕ್ಕಿದ ಕುಡು ಸಾರು

ಹಿಮಾಲಯ ನೋಡ್ಬೇಕು ಅಂತ ಅಪ್ಪನಿಗೆ ಆಸೆ ಇದ್ದದ್ದು ಇವತ್ತು ನಿನ್ನೆಯದಲ್ಲ. ಮುಂಬೈಯಲ್ಲಿ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವರು, ರಜೆ ಸಿಕ್ಕಿದ್ರೆ ಊರಿಗೆ ಬರುದು, ದೈವದ ನೇಮ ಮುಗಿಸಿ ವಾಪಸ್ ಹೋಗುದು, ಅದು ಬಿಟ್ರೆ ಬೇರೆ ತಿರುಗಾಟ ಅಂತ ಇರ್ಲೇ ಇಲ್ಲ. ಈ ಸಲ ಮಾರ್ಚಲ್ಲಿ ನಾನೇ ಹಠ ಹಿಡಿದೆ. ಶಿಮ್ಲಾ ಮನಾಲಿ ಬೇಡ ಮಗಾ, ಗಲಾಟೆ ಇಲ್ಲದ ಜಾಗ ಇದ್ರೆ ನೋಡು ಅಂದ್ರು. ಹಾಗೆ ಹುಡುಕ್ತಾ ಸಿಕ್ಕಿದ್ದು ಉತ್ತರಾಖಂಡದ ಲ್ಯಾನ್ಸ್‌ಡೌನ್.

ಉಡುಪಿಯಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಯ ನಿಜಾಮುದ್ದೀನ್, ಅಲ್ಲಿಂದ ಟ್ಯಾಕ್ಸಿ. ಕೋಟದ್ವಾರದ ತನಕ ಬರೀ ಬಯಲು, ಕಬ್ಬಿನ ಗದ್ದೆ. ಆಮೇಲೆ ಖೋಹ್ ನದಿಯ ಬದಿಯಲ್ಲಿ ಹತ್ತಿ ದುಗಡ್ಡಾ ದಾಟಿ ಒಂದು 40 ಕಿಲೋಮೀಟರ್ ಘಾಟಿ. ಊರಲ್ಲಿ ಬೆವರು ಒರೆಸಿಕೊಳ್ತಾ ಹೊರಟವರು ನಾವು, ಇಲ್ಲಿ ಸುಮಾರು 1,700 ಮೀಟರ್ ಎತ್ತರದಲ್ಲಿ ಕಾರಿನ ಬಾಗಿಲು ತೆಗೆದ ಕೂಡ್ಲೆ ಅಪ್ಪ ಶಾಲನ್ನು ತಲೆಗೇ ಸುತ್ತಿಕೊಂಡ್ರು. ಬುಕ್ ಮಾಡಿದ ರೂಮಲ್ಲಿ ಹೀಟರ್ ಉಂಟು ಅಂತ ಹೇಳಿದ್ದು, ಹೋಗಿ ನೋಡಿದ್ರೆ ಇಲ್ಲ, ಮೂರು ರಜಾಯಿ ಹೊದ್ದು ಮಲಗಿದೆವು. ಅಪ್ಪನ ವಯಸ್ಸಿನವರನ್ನು ಕರ್ಕೊಂಡು ಹೋಗುವವರು ಅದನ್ನು ಫೋನಲ್ಲಿ ಎರಡು ಸಲ ಕೇಳಿಯೇ ಹೋಗಿ.

ಈ ಊರಿನ ಹಳೇ ಹೆಸರು ಕಾಲೂಡಾಂಡಾ, ಅಂದ್ರೆ ಕಪ್ಪು ಬೆಟ್ಟ. 1887ರಲ್ಲಿ ಬ್ರಿಟಿಷರು ಸೈನ್ಯಕ್ಕೆ ಅಂತ ಕಟ್ಟಿದ್ರು, ಆಮೇಲೆ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಹೆಸರಿಟ್ರು. ಈಗ್ಲೂ ಗಢ್ವಾಲ್ ರೈಫಲ್ಸ್‌ನ ಕೇಂದ್ರ ಇಲ್ಲೇ. ಕಂಟೋನ್ಮೆಂಟ್ ಆದ್ದರಿಂದ ಬೇಕಾಬಿಟ್ಟಿ ಬಿಲ್ಡಿಂಗ್ ಎಬ್ಬಿಸ್ಲಿಕ್ಕೆ ಬಿಡುದಿಲ್ಲ, ಹಾಗಾಗಿಯೇ ಬಾಂಜ್ ಅಂದ್ರೆ ಓಕ್ ಮರ, ದೇವದಾರು ಎಲ್ಲ ಇನ್ನೂ ಉಳ್ಕೊಂಡಿವೆ, ರಾತ್ರಿ ಎಂಟು ಗಂಟೆಗೆ ರಸ್ತೆಯಲ್ಲಿ ನಮ್ಮ ಚಪ್ಪಲಿ ಶಬ್ದ ನಮಗೇ ಕೇಳ್ತದೆ. ದಯವಿಟ್ಟು ಅಲ್ಲಿಗೆ ಸ್ಪೀಕರ್ ತಕೊಂಡು ಹೋಗಿ ಹಾಡು ಹಾಕ್ಬೇಡಿ, ಭುಲ್ಲಾ ತಾಲ್ ಕೆರೆಯ ಹತ್ರ ಒಂದು ಗುಂಪು ಹಾಗೆ ಮಾಡ್ತಾ ಇತ್ತು, ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಭುಲ್ಲಾ ಅಂದ್ರೆ ಗಢ್ವಾಲಿಯಲ್ಲಿ ತಮ್ಮ ಅಂತೆ, ಎಷ್ಟು ಚಂದದ ಹೆಸರು ಒಂದು ಕೆರೆಗೆ.

ಯುದ್ಧ ಸ್ಮಾರಕದ ಹತ್ರ ಅಪ್ಪ ತುಂಬಾ ಹೊತ್ತು ನಿಂತ್ರು. ಈ ರೆಜಿಮೆಂಟಿನ ದರ್ವಾನ್ ಸಿಂಗ್ ನೇಗಿಗೆ 1914ರಲ್ಲಿ ಫ್ರಾನ್ಸಿನಲ್ಲಿ ಹೋರಾಡಿದ್ದಕ್ಕೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತ್ತು, 1915ರಲ್ಲಿ ಗಬ್ಬರ್ ಸಿಂಗ್ ನೇಗಿ ಸತ್ತ ಮೇಲೆ ಅವರಿಗೂ. ಇಷ್ಟು ಸಣ್ಣ ಊರಿಂದ ಅಷ್ಟು ದೂರ ಹೋದ್ರಲ್ಲ ಮಕ್ಕಳು ಅಂತ ಅಪ್ಪ ಮೆಲ್ಲ ಹೇಳಿದ್ರು, ಆಮೇಲೆ ರೂಮಿಗೆ ಬರುವ ತನಕ ಮಾತಿಲ್ಲ.

ಟಿಪ್ ಇನ್ ಟಾಪ್ ಅನ್ನುವ ವ್ಯೂ ಪಾಯಿಂಟ್‌ನಿಂದ ಬೆಳಿಗ್ಗೆ ಚೌಖಂಬಾ ಹಿಮಶಿಖರ ಕಾಣ್ತದೆ, ನಮಗೂ ಕಂಡಿತು, ಬಿಳಿ, ದೂರ, ಹತ್ತು ನಿಮಿಷ.

ಆದ್ರೆ ಅಪ್ಪನಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ತಾಡಕೇಶ್ವರ ಗುಡಿಗೆ ಹೋಗುವ ದಾರಿಯ ಒಂದು ಸಣ್ಣ ಊಟದ ಅಂಗಡಿ. ತಟ್ಟೆಯಲ್ಲಿ ಮಂಡುವಾ ರೊಟ್ಟಿ, ಗಹತ್ ದಾಲ್. ಅಪ್ಪ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದ್ರು, ಮಗಾ ಇದು ಕುಡು ಅಲ್ವಾ! ಹೌದು, ಗಹತ್ ಅಂದ್ರೆ ನಮ್ಮ ಹುರುಳಿಯೇ, ಮಂಡುವಾ ಅಂದ್ರೆ ರಾಗಿ. ಸೀದಾ ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ ತಮ್ಮ ಮುಂಬೈ ಹಿಂದಿಯಲ್ಲಿ ಬೆಹೆನ್‌ಜಿ, ಒಗ್ಗರಣೆಗೆ ಎಂತ ಹಾಕಿದ್ದು ಅಂತ ಕೇಳಿದ್ರು. ಆ ಅಮ್ಮ ಒಂದು ಡಬ್ಬಿ ತೆಗೆದು ಅಂಗೈಗೆ ಸುರಿದ್ರು, ಜಖಿಯಾ ಅಂತೆ, ಸಾಸಿವೆಗಿಂತ ಸಣ್ಣ, ಕಪ್ಪು ಕಂದು ಬಣ್ಣದ ಕಾಳು, ಬಿಸಿ ಎಣ್ಣೆಗೆ ಬಿದ್ದ ಕೂಡ್ಲೆ ಚಟಪಟ ಅಂತದೆ, ಹಲ್ಲಿಗೆ ಸಿಕ್ಕಿದ್ರೆ ಗರಿಗರಿ. ಹುರುಳಿ ನೆನೆಸಿ ಅರೆದು ಫಾಣು ಅಂತ ಮಾಡ್ತಾರಂತೆ, ಚಳಿಗೆ ಮೈ ಬೆಚ್ಚಗೆ ಇಡ್ತದೆ ಬಾಬೂಜಿ ಅಂದ್ರು. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಕುಡು ಸಾರು ಮಾಡುದೂ ಅದಕ್ಕೇ ಅಂತ ಅಪ್ಪ ಶುರು ಮಾಡಿದ್ರು ನೋಡಿ, ತೆಂಗಿನಕಾಯಿ ಹಾಕುದಾ ಬೇಡ್ವಾ, ಬೇಯಿಸಿದ ನೀರು ಚೆಲ್ಲಬಾರದು, ಅರ್ಧ ಗಂಟೆ ಆದ್ರೂ ಮಾತು ಮುಗಿಯಲಿಲ್ಲ. ಕೊನೆಗೆ ಅವರು ಕಲ್ಲಲ್ಲಿ ಉಪ್ಪು, ಹಸಿಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಅರೆದು ಸೌತೆಕಾಯಿಗೆ ಹಚ್ಚಿ ಕೊಟ್ರು, ಜೊತೆಗೆ ಬುರಾಂಶ್ ಹೂವಿನ ಶರಬತ್ತು, ಬಣ್ಣ ನಮ್ಮ ಪುನರ್ಪುಳಿ ಜ್ಯೂಸಿನ ಹಾಗೇ. ಆ ಹೂವು ದಾರಿಯುದ್ದಕ್ಕೂ ಮರದ ತುಂಬಾ ಕೆಂಪಗೆ ಬಿಟ್ಟಿತ್ತು.

ತಾಡಕೇಶ್ವರ ಮಹಾದೇವನ ಗುಡಿ ದೇವದಾರು ಕಾಡಿನ ನಡುವೆ ಉಂಟು, ಹರಕೆಯ ಗಂಟೆಗಳು ಸಾಲಾಗಿ ಕಟ್ಟಿದ್ದಾರೆ. ಅಪ್ಪ ಚಪ್ಪಲಿ ಕಳಚಿ ಮರಗಳ ಕಡೆ ಕೈ ಮುಗಿದು, ನಮ್ಮ ನಾಗಬನದ ಹಾಗೇ ಉಂಟಲ್ಲ, ಕೊಡಲಿ ತಾಗದ ಜಾಗ ಅಂದ್ರು. ಅಲ್ಲೇ ಕಟ್ಟೆಯಲ್ಲಿ ಇಬ್ರೂ ಕೂತೆವು. ಹಾಗೆ ಸುಮ್ಮನೆ ಕೂತ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು, ಕೈಯಲ್ಲಿ ಕೆಲಸ ಇಲ್ಲದೆ, ವಾಚ್ ನೋಡದೆ.

ವಾಪಸ್ ಬರುವಾಗ ಕೋಟದ್ವಾರದ ಬಜಾರಲ್ಲಿ ಕಾಲು ಕಿಲೋ ಜಖಿಯಾ ತಕೊಂಡ್ರು. ಈಗ ಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ಅದಕ್ಕೂ ಒಂದು ಡಬ್ಬಿ ಆಗಿದೆ. ಮೊನ್ನೆ ಅಲಸಂಡೆ ಪಲ್ಯಕ್ಕೆ ಹಾಕಿದ್ರು, ಅಮ್ಮ ಎರಡು ಸಲ ಬಡಿಸಿಕೊಂಡ್ರು.